ರುಮಾಲಿನ ಇನ್ನೊಂದು ತುದಿ

ಮೇ ತಿಂಗಳ ಕೊನೆಯ ದಿನ. ಗೋಕಾಕದ ನಮ್ಮ ಕಾಲೇಜಿನ ಸಭಾಭವನದಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಮಾತ್ರ ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಪ್ರಾಚಾರ್ಯರು, ಆಡಳಿತ ಮಂಡಳಿಯ ಒಬ್ಬ ಹಿರಿಯರು, ಮತ್ತು ಮಧ್ಯದ ಉದ್ದನೆಯ ಸೋಫಾದಲ್ಲಿ ಆ ದಿನ ನಿವೃತ್ತರಾಗುತ್ತಿದ್ದ ರಸಾಯನಶಾಸ್ತ್ರದ ಇಬ್ಬರು ಅಧ್ಯಾಪಕರು. ಒಬ್ಬರು ಸೋಫಾದ ಆ ತುದಿಗೆ, ಇನ್ನೊಬ್ಬರು ಈ ತುದಿಗೆ. ನಡುವೆ ಮೂರು ಮಂದಿ ಹಾಯಾಗಿ ಕೂಡಬಹುದಾದಷ್ಟು ಜಾಗ ಖಾಲಿ. ಕೆಳಗೆ ಮುಂದಿನ ಸಾಲಿನಲ್ಲಿ ಅವರ ಹೆಂಡಂದಿರು ಅಂಟಿಕೊಂಡು ಕೂತು, ಆಮಂತ್ರಣ ಪತ್ರಿಕೆಯನ್ನೇ ಮಡಚಿ ಒಬ್ಬರಿಗೊಬ್ಬರು ಗಾಳಿ ಹಾಕುತ್ತಿದ್ದರು. ಅವರ ಹಿಂದೆ ನಾವು ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು, ಊರುಗಳಿಂದ ಗಾಡಿ ಮಾಡಿಕೊಂಡು ಬಂದ ನೆಂಟರು. ನಾನು ಮೈಕಿನ ಮುಂದೆ ನಿಂತಿದ್ದೆ. ನಿರೂಪಣೆ ನನ್ನದು.

ನಮ್ಮಲ್ಲಿ ಮಾಸ್ತರಿಗೆ ಹೆಸರಿಗಿಂತ ಊರು ಹತ್ತಿರ. ಘೋಡಗೇರಿಯಿಂದ ಬಂದವರು ಘೋಡಗೇರಿ ಸರ್, ಕಣಗಲಾದಿಂದ ಬಂದವರು ಕಣಗಲಾ ಸರ್. ಎರಡೂ ಹುಕ್ಕೇರಿ ತಾಲೂಕಿನ ಊರುಗಳೇ. ಇಬ್ಬರೂ ಒಂದೇ ದಿನ ನಿವೃತ್ತರಾಗುವುದರಲ್ಲಿ ಸೋಜಿಗವೇನೂ ಇರಲಿಲ್ಲ. ಅವರ ಕಾಲದಲ್ಲಿ ಹುಟ್ಟಿದ ತಾರೀಖು ಬರೆದಿಡುವವರು ಯಾರು? ಅಪ್ಪ ಮಗನನ್ನು ಎಳೆದುಕೊಂಡು ಸಾಲಿಗೆ ಬಂದರೆ ಮಾಸ್ತರು, "ಯಾವಾಗ ಹುಟ್ಯಾನ?" ಎಂದು ಕೇಳುವರು. "ಜ್ವಾಳಾ ಕೊಯ್ಯೂ ಮುಂದರಿ" ಎಂಬ ಉತ್ತರ ಬರುವುದು. ಮಾಸ್ತರು ಒಂದು ಕ್ಷಣ ಹುಡುಗನ ಎತ್ತರ ನೋಡಿ, ಜೂನ್ ಒಂದು ಎಂದು ಬರೆದುಬಿಡುವರು. ಹೀಗಾಗಿ ನಮ್ಮ ಕಡೆ ಜೋಳ ಕೊಯ್ಯುವಾಗ ಹುಟ್ಟಿದವರು, ಕಬ್ಬು ನಾಟಿ ಮಾಡುವಾಗ ಹುಟ್ಟಿದವರು, ಎಲ್ಲರೂ ಸಾಲಿಯ ಲೆಕ್ಕದಲ್ಲಿ ಒಂದೇ ದಿನ ಹುಟ್ಟಿ ಒಂದೇ ದಿನ ನಿವೃತ್ತರಾಗುತ್ತಾರೆ. ಆ ದಿನ ಮೂಡಲಗಿಯಿಂದ ಹುಕ್ಕೇರಿಯ ತನಕ ಹೂವಿನ ಹಾರ ಸಿಗುವುದಿಲ್ಲ. ಬ್ಯಾಂಡಿನವರು ಫೋನ್ ಎತ್ತುವುದಿಲ್ಲ.

ಈ ಇಬ್ಬರು ಒಂದು ಕಾಲಕ್ಕೆ ಜೀವದ ಗೆಳೆಯರು. ಕೆಲಸಕ್ಕೆ ಹಾಜರಾಗಲು ಬಂದದ್ದೂ ಒಂದೇ ಮೋಟಾರ್ ಸೈಕಲ್ಲಿನ ಮೇಲೆ. ಗಾಡಿ ಘೋಡಗೇರಿ ಸರ್ ಅವರದು, ಹಿಂದೆ ಕೂತವರು ಕಣಗಲಾ ಸರ್. ಕಾಲೇಜಿನ ಗೇಟಿಗೆ ಬಂದಾಗ ಘೋಡಗೇರಿ ಸರ್, "ನೀ ನಡಿ, ನಾ ಗಾಡಿ ನೆಳ್ಳಿಗೆ ಹಚ್ಚಿ ಬರ್ತೇನಿ" ಎಂದರಂತೆ. ಕಣಗಲಾ ಸರ್ ನಡೆದರು. ನೇರ ಹೋಗಿ ಪ್ರಾಚಾರ್ಯರ ಮುಂದೆ ನಿಂತರು. ಅಷ್ಟೇ ಆದದ್ದು. ಆದರೆ ಎಷ್ಟೋ ವರ್ಷಗಳ ಮೇಲೆ ವಿಭಾಗದ ಮುಖ್ಯಸ್ಥರು ಯಾರಾಗಬೇಕೆಂಬ ಮಾತು ಬಂತು. ಇಬ್ಬರದೂ ಹುಟ್ಟಿದ ದಿನ ಒಂದೇ, ಕೆಲಸಕ್ಕೆ ಸೇರಿದ ದಿನ ಒಂದೇ. ಆಡಳಿತ ಮಂಡಳಿ ತಲೆ ಕೆರೆದುಕೊಂಡು, ಅಂದು ಮೊದಲು ಹಾಜರಾದವರೇ ಹಿರಿಯರು ಎಂದು ತೀರ್ಮಾನಿಸಿತು. ಗಾಡಿ ಹೊಡೆದವರು ಕಿರಿಯರಾದರು, ಹಿಂದೆ ಕೂತು ಬಂದವರು ಹಿರಿಯರಾದರು.

ಅವತ್ತು ನಿಂತ ಮಾತು ನಿಂತೇ ಹೋಯಿತು. ಒಂದೇ ಪ್ರಯೋಗಾಲಯದಲ್ಲಿ ಎದುರುಬದುರು ನಿಂತು ಪಾಠ ಮಾಡುವವರು ಒಬ್ಬರ ಜೊತೆ ಒಬ್ಬರು ಮಾತಾಡುತ್ತಿರಲಿಲ್ಲ. "ನಿಮ್ಮ ಸರ್‌ಗೆ ಗ್ಯಾಸ್ ಬಂದ್ ಮಾಡಾಕ ಹೇಳವಾ" ಎಂದು ಒಬ್ಬರು ನಡುವೆ ನಿಂತ ಹುಡುಗಿಗೆ ಹೇಳುವರು. "ಬಂದ್ ಮಾಡಿ ಹತ್ತ ನಿಮಿಷ ಆತು ಅಂತ ಹೇಳು ಅವರಿಗೆ" ಎಂದು ಇನ್ನೊಬ್ಬರು. ಹುಡುಗಿ ಬಾಯಿ ತೆರೆಯುವ ಮೊದಲೇ ಸಂಭಾಷಣೆ ಮುಗಿದಿರುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಾನು ಒಂದು ದಿನ ಇವರ ಟೇಬಲ್ಲಿಗೆ, ಮರುದಿನ ಅವರ ಟೇಬಲ್ಲಿಗೆ. ತಮಾಷೆಯೆಂದರೆ ಎರಡೂ ಡಬ್ಬಿಯಲ್ಲಿ ಒಂದೇ ಕೆಂಪು ಖಾರದ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇರುತ್ತಿತ್ತು. ಒಮ್ಮೆ ಕಣಗಲಾ ಸರ್ ಅವರ ಹೆಂಡತಿಯನ್ನು ಕೇಳಿಯೇಬಿಟ್ಟೆ. ಅವರು ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಗಂಡಸರು ಮಾತ ಬಿಟ್ರ ನಾವ್ಯಾಕ ಹಿಂಡಿ ಬಿಡೂಣ್ರಿ ಅಣ್ಣಾರ? ಅಕಿ ಕುಟ್ತಾಳ, ನಾ ಹಂಚ್ಕೊಂಡ ಬರ್ತೇನಿ" ಎಂದರು.

ನಿವೃತ್ತಿಯ ದಿನ ಹತ್ತಿರ ಬಂತು. ನಮ್ಮಲ್ಲಿ ಶಾಲು ಹೊದಿಸುವುದು, ಹಾರ ಹಾಕುವುದು ಎಲ್ಲಾ ಇದ್ದದ್ದೇ, ಆದರೆ ಸತ್ಕಾರವೆಂದರೆ ತಲೆಗೆ ರುಮಾಲು ಸುತ್ತುವುದು. ಯಾರ ತಲೆಗೆ ಮೊದಲು ರುಮಾಲು ಏರುತ್ತದೋ ಅವರೇ ಹಿರಿಯರೆಂದು ಸಭೆ ತಿಳಿಯುತ್ತದೆ. ಘೋಡಗೇರಿ ಸರ್ ನನ್ನನ್ನು ಗ್ರಂಥಾಲಯದ ಮೂಲೆಗೆ ಕರೆದು ಹೇಳಿದರು: "ನೋಡ್ರಿ, ಇಷ್ಟ ವರ್ಷ ಎರಡನೇದಾಂವ ಆಗಿ ದುಡದೇನಿ. ಹೋಗೂ ದಿನಾನೂ ಎರಡನೇದಾಂವ ಆಗಿ ಕೂಡೂದಿಲ್ಲ. ಅಂವಗ ಮೊದಲ ಸುತ್ತಿದ್ರ ನಾ ಎದ್ದ ಮನಿಗೆ ಹೊಕ್ಕೇನಿ." ಪ್ರಯೋಗಾಲಯಕ್ಕೆ ಹೋಗಿ ಕೇಳಿದರೆ ಕಣಗಲಾ ಸರ್ ದನಿ ಏರಿಸಲಿಲ್ಲ. "ಮುಖ್ಯಸ್ಥ ನಾನು. ನಾ ಬಿಟ್ಟ ಕೊಟ್ರ ಮಂಡಳಿ ತೀರ್ಮಾನ ತಪ್ಪಾಗಿತ್ತು ಅಂತ ನಾನಽ ಒಪ್ಪಿಕೊಂಡಂಗಲ್ಲೇನ್ರಿ?" ಎಂದರು ಅಷ್ಟೇ. ಪ್ರಾಚಾರ್ಯರ ಹತ್ತಿರ ಹೋದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಮಾತಿನಾಗ ಸಂಭಾಳಿಸ್ರಿ, ನಿಮಗ ಬರ್ತೈತಿ" ಎಂದು ಭಾರವನ್ನು ನನ್ನ ಹೆಗಲಿಗೇ ಹೊರಿಸಿದರು.

ನನ್ನ ಅಜ್ಜಿ ಅನ್ನುತ್ತಿದ್ದಳು: "ಮಾತು ರೊಟ್ಟಿ ಇದ್ದಂಗೋ ತಮ್ಮಾ. ಎರಡೂ ಮಗ್ಗಲಾ ಹೊಳ್ಳಿಸಿ ಸುಡಬೇಕು, ಒಂದ ಮಗ್ಗಲಾ ಸುಟ್ರ ಯಾರೂ ತಿನ್ನೂದಿಲ್ಲ." ನಾನೂ ಎರಡೂ ಮಗ್ಗಲು ಯೋಚಿಸಿ ಒಂದು ಉಪಾಯ ಹೂಡಿದೆ. ರುಮಾಲು ಸುತ್ತುವ ಇಬ್ಬರನ್ನು ಕರೆಸುವುದು, ಎರಡೂ ತಲೆಗೆ ಏಕಕಾಲಕ್ಕೆ ಸುತ್ತಿಸುವುದು. ಮೊದಲೂ ಇಲ್ಲ, ಎರಡನೆಯದೂ ಇಲ್ಲ. ಮೂಡಲಗಿಯ ಕಾಕಾ ಒಬ್ಬರು, ಹುಕ್ಕೇರಿಯವರೊಬ್ಬರು. ಇಬ್ಬರೂ ಬರುತ್ತೇನೆಂದರು. ಆ ರಾತ್ರಿ ನಾನು ಗಡದ್ದಾಗಿ ನಿದ್ದೆ ಮಾಡಿದೆ.

ಸಮಾರಂಭ ಶುರುವಾಯಿತು. ಪ್ರಾರ್ಥನೆ, ಸ್ವಾಗತ ಮುಗಿದವು. ಹಳೆಯ ವಿದ್ಯಾರ್ಥಿಗಳು ಮಾತಾಡಿದರು. ರುಮಾಲು ಸುತ್ತುವವರ ಸುಳಿವಿಲ್ಲ. ಹುಕ್ಕೇರಿಯವರಿಗೆ ಫೋನ್ ಹಚ್ಚಿದರೆ, "ಸರ, ಇಲ್ಲೇ ನಾಕ ಮಂದಿ ಮಾಸ್ತರು ತಲಿ ಹಿಡ್ಕೊಂಡ ಕುಂತಾರ, ಬಿಡವಲ್ರು. ಇವತ್ತ ಆಗೂದಿಲ್ಲ" ಎಂದರು. ಮೂಡಲಗಿ ಕಾಕಾರಿಗೆ ಹಚ್ಚಿದೆ. "ಬರಾಕತ್ತೇನಿ, ಬರಾಕತ್ತೇನಿ. ಇಲ್ಲಿ ಹೆಡ್‌ಮಾಸ್ತರಗ ಸುತ್ತಿ ಬಿಟ್ಟೆ, ಭಾಷಣ ಮುಗಿವಲ್ದು ಅಂವಂದು" ಎಂದರು. ಇಬ್ಬರು ಬರುವಲ್ಲಿ ಒಬ್ಬರೇ. ಈಗ ಮೊದಲು ಯಾರಿಗೆ ಎಂಬ ಪ್ರಶ್ನೆ ತಿರುಗಿ ನನ್ನ ಕೊರಳಿಗೇ ಬಂತು. ನಾನು ಎರಡು ವಚನಗಳ ಮೇಲೆ, ಒಂದು ಗಾದೆಯ ಮೇಲೆ ಮಾತು ಎಳೆದೆ. ಎಳೆಯಲು ಇನ್ನೇನೂ ಉಳಿಯಲಿಲ್ಲ.

ಕಾಕಾ ಬಂದರು. ಬಗಲಲ್ಲಿ ಬಟ್ಟೆಯ ಗಂಟು, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಎಲೆಅಡಿಕೆ. ಎಷ್ಟೋ ವರ್ಷದ ಹಿಂದೆಯೇ ನಮ್ಮ ಆಫೀಸಿನಿಂದ ನಿವೃತ್ತರಾದವರು. ನಾನು ಕಿವಿಯಲ್ಲಿ ಏನೋ ಹೇಳಹೋದೆ. "ನಂದ ಹುಕ್ಕೇರಿ ಬಸ್ ಐತಿ, ಮಾತ ಆಮ್ಯಾಲ" ಎಂದು ನನ್ನನ್ನು ದಾಟಿ ಮೆಟ್ಟಿಲು ಹತ್ತಿದರು. ಮೆಟ್ಟಿಲ ಬದಿಗೆ ಕೂತವರು ಘೋಡಗೇರಿ ಸರ್. ಕಾಕಾ ಭುಜ ಹಿಡಿದು ಅವರನ್ನು ಸೋಫಾದಿಂದ ಎಬ್ಬಿಸಿ, ವೇದಿಕೆಯ ಮುಂದೆ ಇಟ್ಟಿದ್ದ ಕುರ್ಚಿಗೆ ಕೂಡಿಸಿ, ಗಂಟು ಬಿಚ್ಚಿ ಕೇಸರಿ ಬಟ್ಟೆ ಹೊರಗೆ ತೆಗೆದರು.

ಕಣಗಲಾ ಸರ್ ಎದ್ದು ನಿಂತರು.

ಅವರು ಹೋಗಲಿಕ್ಕೇ ಎದ್ದದ್ದು. ಅದು ನನಗೆ ಗೊತ್ತಿತ್ತು, ಮುಂದಿನ ಸಾಲಿನ ಇಬ್ಬರು ಹೆಂಗಸರಿಗೂ ಗೊತ್ತಿತ್ತು. ಗಾಳಿ ಹಾಕುವ ಕೈಗಳು ನಿಂತವು. ಕಾಕಾ ಒಬ್ಬರಿಗೇ ಅದು ಬೇರೆಯಾಗಿ ಕಂಡಿತು. ಬಟ್ಟೆ ಬಿಗಿಯಾಗಿ ಎಳೆದು ನೆರಿಗೆ ಕೂಡಿಸಲು ಇನ್ನೊಂದು ತುದಿಗೆ ಒಬ್ಬರು ನಿಲ್ಲಬೇಕು. ಮನೆಯಲ್ಲಿ ಸುತ್ತುವುದಾದರೆ ಅಣ್ಣನೋ ತಮ್ಮನೋ ನಿಲ್ಲುತ್ತಾರೆ. "ಹಾಂ, ನೀನಽ ಎದ್ದಿ ನೋಡು, ಚಲೋ ಆತು" ಎಂದವರೇ ಬಟ್ಟೆಯ ತುದಿಯನ್ನು ಕಣಗಲಾ ಸರ್ ಅವರ ಕೈಯಲ್ಲಿ ತುರುಕಿದರು. "ಹಿಡಿ. ಹಿಂದ ಸರಿ. ಇನ್ನೂ ಸರಿ."

ನಮ್ಮ ಕಡೆ ರುಮಾಲಿನ ಬಟ್ಟೆ ಸುತ್ತುವ ಮೊದಲು ನೆಲಕ್ಕೆ ತಾಗಬಾರದು. ಸಣ್ಣವರಿಗೂ ಗೊತ್ತಿರುವ ಮಾತು. ಕೈ ಬಿಟ್ಟರೆ ಬಟ್ಟೆ ನೆಲಕ್ಕೆ ಬೀಳುತ್ತದೆ, ಬಿಡದಿದ್ದರೆ ವೇದಿಕೆ ಇಳಿಯುವಂತಿಲ್ಲ. ಕಣಗಲಾ ಸರ್ ಬಟ್ಟೆಯನ್ನು ನೋಡಿದರು, ನೆಲವನ್ನು ನೋಡಿದರು. ಹಿಂದೆ ಸರಿದು ನಿಂತರು.

ಕಾಕಾ ಸುತ್ತತೊಡಗಿದರು. ಒಂದೊಂದು ಸುತ್ತಿಗೂ ಬಟ್ಟೆ ಗಿಡ್ಡವಾಗುತ್ತ ಬಂತು. ತುದಿ ಹಿಡಿದವರು ಒಂದೊಂದೇ ಹೆಜ್ಜೆ ಮುಂದೆ ಬರಲೇಬೇಕು. ಮೊದಲು ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ನೋಡಲು ಬೇರೆ ಕಡೆಯೇ ಉಳಿಯಲಿಲ್ಲ. ನಾನು ಮೈಕು ಬಂದ್ ಮಾಡಿ ಹತ್ತಿರವೇ ನಿಂತಿದ್ದೆ.

"ಬಿಗಿ ಹಿಡಿ" ಎಂದರು ಘೋಡಗೇರಿ ಸರ್, ತುಟಿ ಹೆಚ್ಚು ಅಲುಗಿಸದೆ.

"ಹಿಡದೇನಿ. ನೀ ತಲಿ ಅಳ್ಳಾಡಿಸಬ್ಯಾಡ."

"ನಾ ಎಲ್ಲಿ ಅಳ್ಳಾಡ್ಸೇನಿ. ನಿನ್ನ ಕೈ ನಡಗಾಕತ್ತಾವು."

"ವಯಸ್ಸಾತಲೇ. ನಿನಗಽ ಅಷ್ಟ ಆಗೂದೇನು?"

ಕಾಕಾ ನಡುವೆ ಬಾಯಿ ಹಾಕಿದರು, "ಇಬ್ಬರೂ ಸುಮ್ಮನಿರ್ರ್ಯೋ, ನೆರಿಗಿ ಕೆಡ್ತಾವು." ಈಗ ಅವರ ನಡುವೆ ಮೊಳದಷ್ಟು ಬಟ್ಟೆ ಉಳಿದಿತ್ತು.

"ಅವತ್ತ ನಾ ಗಾಡಿ ಹಚ್ಚಿ ಬರೂತನಕ ನೀ ಬಾಗಲದಾಗ ನಿಂದರಬೇಕಾಗಿತ್ತು" ಎಂದರು ಘೋಡಗೇರಿ ಸರ್.

ಕಣಗಲಾ ಸರ್ ಕೊನೆಯ ತುದಿಯನ್ನು ಕಾಕಾರ ಕೈಗೆ ಕೊಟ್ಟು, ಗೆಳೆಯನ ಕಿವಿಯ ಮೇಲೆ ಸರಿದಿದ್ದ ಅಂಚನ್ನು ಬೆರಳಿನಿಂದ ಮೇಲಕ್ಕೆತ್ತಿದರು. "ನಿಂದರಬೇಕಾಗಿತ್ತು" ಎಂದರು. "ನನಗ ಅಂಜಿಕಿ ಬಂದಿತ್ತೋ. ತಡಾ ಆದ್ರ ಹೊಳ್ಳಿ ಕಳಸ್ತಾರ ಅಂತ ಅಂದ್ಕೊಂಡೆ. ಆಮ್ಯಾಲ ಹೇಳಾಕ ನೀ ಮಾತಽ ಬಿಟ್ಟಿ."

ಚಪ್ಪಾಳೆ ಎದ್ದಿತು. ಸಭೆಗೆ ಅವರ ಮಾತು ಕೇಳಿಸಿರಲಿಲ್ಲ, ರುಮಾಲು ಕಂಡಿತ್ತು. ಆಮೇಲೆ ಕಣಗಲಾ ಸರ್ ಕುರ್ಚಿಗೆ ಕೂತರು. ಘೋಡಗೇರಿ ಸರ್ ಯಾರೂ ಹೇಳುವ ಮೊದಲೇ ಎರಡನೇ ಬಟ್ಟೆಯ ತುದಿ ಹಿಡಿದು ಹಿಂದೆ ಸರಿದರು. ಯಾರು ಮೊದಲು, ಯಾರು ನಂತರ ಎಂದು ಆಗ ಯಾರಿಗೂ ನೆನಪಿರಲಿಲ್ಲ. ನಾನು ಮೈಕು ಮತ್ತೆ ಚಾಲೂ ಮಾಡಿದೆ. ಪ್ರಾಚಾರ್ಯರು ಟವೆಲ್ಲಿನಿಂದ ಇಡೀ ಮುಖ ಒರೆಸಿಕೊಂಡು ನನ್ನತ್ತ ನೋಡಿ, ನಾನೇ ಎಲ್ಲಾ ಸಂಭಾಳಿಸಿದೆನೆಂಬಂತೆ ತಲೆಯಾಡಿಸಿದರು. ಮೊದಲ ಸಾಲಿನಲ್ಲಿ ಇಬ್ಬರು ಹೆಂಗಸರು ಅಳುತ್ತಿದ್ದರೋ ನಗುತ್ತಿದ್ದರೋ, ಸೆರಗು ಅಡ್ಡ ಇತ್ತು.

ಮನದಾಳದ ಮಾತು ಆಡಿರೆಂದು ಇಬ್ಬರನ್ನೂ ಕರೆದೆ. ಘೋಡಗೇರಿ ಸರ್ ಒಳ್ಳೆಯ ಭಾಷಣಕಾರರು, ಅಂದು ಮಾತ್ರ, "ನಾನು ಹೇಳಬೇಕಾದ್ದು ಆಗಲೇ ಹೇಳಿ ಮುಗಸೇನ್ರಿ" ಎಂದು ಕೈ ಮುಗಿದರು. ಕಣಗಲಾ ಸರ್ ವಿದ್ಯಾರ್ಥಿಗಳನ್ನು ನೆನೆದು ಎರಡು ಮಾತಾಡಿ ಕೂತರು. ಕೂತದ್ದು ಸೋಫಾದ ನಡುವೆ.

ಕಾಕಾರನ್ನು ಬಸ್ ನಿಲ್ದಾಣಕ್ಕೆ ಬಿಡುವಾಗ ಕೇಳಿದೆ, "ಖರೆ ಹೇಳ್ರಿ ಕಾಕಾ, ಅವರ ಜಗಳಾ ನಿಮಗ ಗೊತ್ತಿದ್ದಿಲ್ಲೇನು?"

"ಯಾವ ಜಗಳಾ?" ಎಂದರು ಕಾಕಾ, ಕಿಟಕಿಯ ಬದಿಯ ಸೀಟಿಗೆ ಗಂಟು ಎಸೆದು ಜಾಗ ಹಿಡಿಯುತ್ತ. "ಬಿಡಪಾ, ಹುಕ್ಕೇರ್‍ಯಾಗ ಇನ್ನೂ ಮೂರ ತಲಿ ಅದಾವು."

ನಾನು ತಿರುಗಿ ಬಂದಾಗ ಊಟಕ್ಕೆ ಕೂತಿದ್ದರು. ಗೋಧಿ-ಬೆಲ್ಲದ ಸಿಹಿ ಮಾದಲಿ, ಹಾಲು, ತುಪ್ಪ, ಬದನೆಕಾಯಿ ಪಲ್ಯ. ರುಮಾಲು ತೆಗೆಯದೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು, ಯಾವ ವರ್ಷ ಯಾವ ಹುಡುಗ ಆಸಿಡ್ ಚೆಲ್ಲಿದ ಎಂದು ವಾದ ಮಾಡುತ್ತಿದ್ದರು. ನಾನು ಮೂರು ಸಲ ಮಾದಲಿ ಹಾಕಿಸಿಕೊಂಡೆ. ಅಷ್ಟು ಹಸಿವೆ ಅದೆಲ್ಲಿತ್ತೋ.

ಆ ಮಳೆಗಾಲದಲ್ಲಿ ಮೇಲಿನ ಘಟ್ಟದ ಕಡೆ ಮಳೆ ಜಾಸ್ತಿಯಾಗಿ ಹೊಳೆ ಏರಿತು. ಘೋಡಗೇರಿಯ ತಗ್ಗಿನ ಮನೆಗಳಿಗೆ ನೀರು ಬಂತು. ಘೋಡಗೇರಿ ಸರ್, ಅವರ ಹೆಂಡತಿ ಮತ್ತು ಒಂದು ಎಮ್ಮೆ, ಹುಕ್ಕೇರಿಯಲ್ಲಿ ಕಣಗಲಾ ಸರ್ ಕಟ್ಟಿಸಿದ ಹೊಸ ಮನೆಗೆ ಹೋದರು. ಎಮ್ಮೆಯನ್ನು ಕಾರು ನಿಲ್ಲಿಸುವ ಜಾಗದಲ್ಲಿ ಕಟ್ಟಿದರಂತೆ. ನೀರು ಇಳಿಯುವ ತನಕ ಅವರು ಅಲ್ಲೇ ಇದ್ದರು.