ಆರು ದಿಕ್ಕಿನ ಚೆಕ್ಕುಬಂದಿ

ಮುನಿರಾಜ್ ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ರಭಸವನ್ನು ಹೊಗಳಿದ. ಗೋಡೆಗೆ ಬೆರಳಿನಿಂದ ಕುಟ್ಟಿ, ಅದರಿಂದ ಏನೋ ಗೊತ್ತಾದವನಂತೆ ತಲೆಯಾಡಿಸಿದ. ಮಲಗುವ ಕೋಣೆಯ ಕಪಾಟು ತೆಗೆದಾಗ ಅದರ ತುಂಬ ಮಡಿಸಿಟ್ಟ ಸೀರೆಗಳಿದ್ದವು. "ನೋಡಕ್ಕ, ಎಷ್ಟು ಹಿಡಿಸ್ತದೆ ಅಂತ ನಮಗೆ ಗೊತ್ತಾಗ್ಲಿ ಅಂತ ಜೋಡಿಸವ್ರೆ" ಎಂದು ಅಕ್ಕ ಅಮ್ಮಯಮ್ಮನಿಗೆ ವಿವರಿಸಿದ.

ಅಷ್ಟರಲ್ಲಿ ಬಾಲ್ಕನಿಯಿಂದ ಖಾಲಿ ಬಕೆಟ್ ಹಿಡಿದುಕೊಂಡು ಒಬ್ಬ ಹೆಂಗಸು ಒಳಗೆ ಬಂದರು. ಯಾರು ನೀವು ಎಂದು ಕೇಳಲಿಲ್ಲ. ಕಡೆಗೂ ಬಂದಿರಲ್ಲ ಎಂದು ನಿಟ್ಟುಸಿರು ಬಿಟ್ಟು, ಮುನಿರಾಜನನ್ನು ಬಚ್ಚಲಿಗೆ ಕರೆದೊಯ್ದು ಚಾವಣಿಯಲ್ಲಿ ಹರಡಿಕೊಂಡಿದ್ದ ಒದ್ದೆ ಕಲೆಯನ್ನು ತೋರಿಸಿದರು. ಮುನಿರಾಜ್ ಅದನ್ನೂ ಕತ್ತೆತ್ತಿ ನೋಡಿ, ಇದೇನು ದೊಡ್ಡ ವಿಷಯವಲ್ಲ ಅಂದ. ಆಮೇಲೆ ಮಾತು ಮುಂದುವರಿದಾಗ ಎರಡು ಸಂಗತಿಗಳು ಹೊರಬಿದ್ದವು. ಒಂದು, ಆ ಹೆಂಗಸು ಇವರನ್ನು ಅಪಾರ್ಟ್‌ಮೆಂಟ್ ಸಂಘದವರು ಕಳಿಸಿದ ಪ್ಲಂಬರ್‌ಗಳು ಎಂದುಕೊಂಡಿದ್ದರು. ಇನ್ನೊಂದು, ಇವರು ಕೊಳ್ಳಲು ಬಂದಿದ್ದ ಮನೆ ಇದರ ಮೇಲಿನದು. ಬಾಗಿಲು ತೆರೆದಿದ್ದರಿಂದ ಬ್ರೋಕರ್ ಹರಿಪ್ರಸಾದ್ ಬೀಗದ ಕೈ ತಂದು ಮೊದಲೇ ತೆಗೆದಿದ್ದಾನೆ ಎಂದು ಮುನಿರಾಜ್ ನುಗ್ಗಿಬಿಟ್ಟಿದ್ದ. ಲಿಫ್ಟಿನಲ್ಲಿ ಗುಂಡಿ ಒತ್ತಿದವನೂ ಅವನೇ.

ಮುನಿರಾಜ್ ಬೆವರಿದ. ಅವನ ಭಾವ ಮುನಿವೆಂಕಟಪ್ಪನಿಗೆ ಮಾತ್ರ ಇದರಲ್ಲಿ ನಾಚಿಕೆಪಡುವಂಥದ್ದೇನೂ ಕಾಣಲಿಲ್ಲ. ಆತ ಸೋಫಾದ ತುದಿಯಲ್ಲಿ ಕೂತು, ಆ ಹೆಂಗಸಿನ ಹೆಸರು ಲಿಸಿ, ಊರು ಕೇರಳದ ಕಡೆ, ಕೆಲಸ ಶಾಲೆಯಲ್ಲಿ ಟೀಚರ್ ಎಂಬುದನ್ನೆಲ್ಲ ಆಗಲೇ ವಿಚಾರಿಸಿಕೊಂಡಿದ್ದ.

ವಿಚಾರಿಸುವುದು ಮುನಿವೆಂಕಟಪ್ಪನ ಜೀವನದ ಒಂದೇ ವ್ರತ. ದೇವನಹಳ್ಳಿ ಬಳಿಯ ವಿಜಯಪುರದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಸುಬು ಅವನದು. ಊರಾಚೆ ಒಂದಿಷ್ಟು ಹಿಪ್ಪುನೇರಳೆ ತೋಟ. ಆ ತೋಟಕ್ಕೂ ಪೂರ್ವದ ಸೊಣ್ಣಪ್ಪನ ತೋಟಕ್ಕೂ ನಡುವಿನ ಬದು ಯಾರದೆಂಬ ಜಗಳದಲ್ಲಿ ಇಬ್ಬರಿಗೂ ತಲೆ ನರೆತಿತ್ತು. ಬದು ಪ್ರತಿ ಮುಂಗಾರಿನಲ್ಲೂ ಒಂದು ಗೇಣು ಈ ಕಡೆಗೋ ಆ ಕಡೆಗೋ ತಾನಾಗಿಯೇ ನಡೆದುಹೋಗುತ್ತಿತ್ತು. ಈ ಅನುಭವದಿಂದ ಮುನಿವೆಂಕಟಪ್ಪ ಒಂದು ಸಿದ್ಧಾಂತಕ್ಕೆ ಬಂದಿದ್ದ: ಜಮೀನು ನೋಡಬಾರದು, ಚೆಕ್ಕುಬಂದಿ ನೋಡಬೇಕು. ಅಂದರೆ ಪತ್ರದಲ್ಲಿ ನಾಲ್ಕು ದಿಕ್ಕಿಗೆ ಯಾರ ಯಾರ ಸ್ವತ್ತು ಎಂದು ಬರೆಯುತ್ತಾರಲ್ಲ, ಆ ನಾಲ್ಕು ಜನರನ್ನು ಕಂಡು ಮಾತಾಡಿ ಬರಬೇಕು. ಮಗಳಿಗೆ ಗಂಡು ನೋಡಲು ಹೋದಾಗಲೂ ಆತ ಮೊದಲು ಹೋದದ್ದು ಗಂಡಿನ ಮನೆಯ ಪಕ್ಕದ ಮನೆಗೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಪಕ್ಕದವನು ಎಲ್ಲಿಳಿಯುತ್ತಾನೆಂದು ಕೇಳದೆ ಕೂರುತ್ತಿರಲಿಲ್ಲ.

ಈ ಸಿದ್ಧಾಂತದಿಂದ ಕಷ್ಟಕ್ಕೆ ಬಿದ್ದವಳು ಅಮ್ಮಯಮ್ಮ. ಮದುವೆಯಾದಾಗಿನಿಂದ ಅವಳು ಬೇಯುವ ಗೂಡಿನ ಹಬೆಯಲ್ಲೇ ಉಂಡು ಹಬೆಯಲ್ಲೇ ಮಲಗಿದವಳು. ಮದುವೆ ಮನೆಗಳಲ್ಲಿ ಪಕ್ಕ ಕೂತ ಹೆಂಗಸರು ಆ ನಾತಕ್ಕೆ ಸೆರಗು ಮೂಗಿಗೆ ತಂದುಕೊಳ್ಳುವುದನ್ನು ನೋಡಿಯೂ ನೋಡದಂತೆ ಇದ್ದವಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಕಿಟಕಿ ತೆಗೆದರೆ ಮರದ ಗಾಳಿ ಬರುವ ಒಂದು ಮನೆ. ನೂಲು ಬಿಚ್ಚುವ ಮಿಷನ್ನು ವಿಜಯಪುರದಲ್ಲೇ ಇರಲಿ, ಗಂಡ ಬೆಳಗ್ಗೆ ಹೋಗಿ ಸಂಜೆ ಬರಲಿ. ಮುನಿವೆಂಕಟಪ್ಪ ಒಪ್ಪಿದ, ಮನೆಗಳನ್ನೂ ನೋಡಿದ. ಅರಿಶಿನಕುಂಟೆಯದು ಬೇಡವಾಯಿತು, ಉತ್ತರಕ್ಕೆ ಕಲ್ಯಾಣಮಂಟಪ. ದೊಡ್ಡಬಳ್ಳಾಪುರದ ಒಂದು ಬೇಡವಾಯಿತು, ದಕ್ಷಿಣಕ್ಕೆ ವಕೀಲರು. ಇನ್ನೊಂದರ ಪಶ್ಚಿಮಕ್ಕೆ ಖಾಲಿ ನಿವೇಶನ. ನಾಳೆ ಯಾರು ಬರುತ್ತಾರೋ ಯಾರಿಗೆ ಗೊತ್ತು ಅಂದ. ದೇವನಹಳ್ಳಿಯ ಹತ್ತಿರದ ಈ ಅಪಾರ್ಟ್‌ಮೆಂಟನ್ನು ಹುಡುಕಿದವನು ಮುನಿರಾಜ್. ಸುತ್ತ ಹೊಂಗೆ, ನೇರಳೆ, ದೊಡ್ಡ ದೊಡ್ಡ ಮಳೆಮರ. ಹೊರಡುವ ಮುಂಚೆ ಅಕ್ಕ ಅವನಿಗೆ ಮೆಲ್ಲಗೆ ಹೇಳಿದ್ದಳು: "ಇದೂ ಆಗ್ಲಿಲ್ಲ ಅಂದ್ರೆ ನಾನಿನ್ನ ಕೇಳಲ್ಲ ಕಣಪ್ಪ." ಅಳುತ್ತ ಹೇಳಿದ್ದರೆ ಮುನಿರಾಜ್ ಸಮಾಧಾನ ಮಾಡುತ್ತಿದ್ದ. ಅವಳು ಅಕ್ಕಿ ಆರಿಸುತ್ತ ಹೇಳಿದ್ದಳು.

ಹರಿಪ್ರಸಾದ್ ಬಂದು ಮೇಲಿನ ಮನೆಯ ಬೀಗ ತೆಗೆದ. ಅಮ್ಮಯಮ್ಮ ಒಳಗೆ ಹೋದಳು. ಮುನಿವೆಂಕಟಪ್ಪ ಹೋಗಲಿಲ್ಲ. ಹೊರಗೇ ನಿಂತು ಒಂದು ಸಲ ಮೇಲೆ, ಒಂದು ಸಲ ಕೆಳಗೆ ನೋಡಿ, ಇಲ್ಲಿ ಚೆಕ್ಕುಬಂದಿ ನಾಲ್ಕಲ್ಲ, ಆರು ಎಂದು ಘೋಷಿಸಿ, ಭಾವಮೈದನನ್ನು ಕರೆದುಕೊಂಡು ಸವಾರಿ ಹೊರಟ.

ಮುನಿರಾಜ್ ಹೆದರಿದ್ದು ಭಾಷೆಗೆ. ಅದು ಅನಗತ್ಯವಾಗಿತ್ತು. ಉತ್ತರದ ಮನೆಯವರು ಶಿಡ್ಲಘಟ್ಟದ ಸಾಬರು. ಗೂಡಿನ ಮಾರುಕಟ್ಟೆಯಲ್ಲಿ ಮುನಿವೆಂಕಟಪ್ಪ ಕಲಿತಿದ್ದ ಉರ್ದು ಅಲ್ಲಿ ಹೊಳೆಯಂತೆ ಹರಿಯಿತು, ಶರಬತ್ತೂ ಬಂತು. ಪೂರ್ವಕ್ಕೆ ಪಂಜಾಬಿನ ನಿವೃತ್ತ ಸೈನಿಕರು. ಮಾರುಕಟ್ಟೆಯ ಉರ್ದು ಅವರಿಗೆ ಹಿಡಿಯದೆ, ಅಲ್ಲಿ ಮುನಿರಾಜ್ ತನ್ನ ಹಿಂದಿಯಲ್ಲಿ ದುಭಾಷಿಯಾದ. ಅವನ ಹಿಂದಿ ಕೇಳಿ ಅವರು ನೇರವಾಗಿ ಮುನಿವೆಂಕಟಪ್ಪನ ಜೊತೆಯೇ ಕೈಸನ್ನೆಯಲ್ಲಿ ಮಾತಾಡಲು ಶುರುಮಾಡಿದರು. ಪಶ್ಚಿಮಕ್ಕೆ ಲಿಫ್ಟು. ಅದು ಜಗಳಕ್ಕೆ ಬರುವ ಪೈಕಿ ಅಲ್ಲವೆಂದು ಪಾಸಾಯಿತು. ದಕ್ಷಿಣಕ್ಕೆ ಮಳೆಮರ, ಅದನ್ನು ಕಡಿಯುವ ಯೋಚನೆ ಯಾರಿಗಾದರೂ ಇದೆಯೇ ಎಂದು ವಾಚ್‌ಮನ್‌ನನ್ನು ಕೇಳಿದ್ದಾಯಿತು. ಇನ್ನೊಂದು ಮಹಡಿ ಮೇಲಿನ ಮನೆಯಲ್ಲಿ ಏರ್‌ಪೋರ್ಟಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮಣಿಪುರದ ಹುಡುಗಿಯರು. ಒಬ್ಬಳು ಕಣ್ಣುಜ್ಜುತ್ತ ಬಾಗಿಲು ತೆಗೆದು, ತಾವು ಮನೆಯೊಳಗೆ ಬರಿಗಾಲಲ್ಲೇ ಓಡಾಡುವುದೆಂದು ಪ್ರಮಾಣ ಮಾಡಿದಳು.

ಉಳಿದದ್ದು ಕೆಳಗಿನ ಲಿಸಿ ಟೀಚರ್. ಅವರು ಟೀ ಕೊಟ್ಟು, ಶಾಲೆಯಲ್ಲಿ ಕಲಿತ ಅಚ್ಚುಕಟ್ಟಾದ ಕನ್ನಡದಲ್ಲಿ ಹೇಳಿದರು: "ಸರ್, ನೀವು ಎಲ್ಲರನ್ನೂ ಕೇಳಿದಿರಿ. ಆದರೆ ನನ್ನ ಚಾವಣಿಗೆ ನೀರು ಸುರಿಸುವುದು ನಿಮ್ಮ ಮನೆ. ಹಾಗಾಗಿ ಈಗ ನಾನು ಕೇಳಬೇಕು. ನಿಮ್ಮ ಈಗಿನ ನೆರೆಯವರ ನಂಬರ್ ಕೊಡುತ್ತೀರಾ?"

ಮುನಿವೆಂಕಟಪ್ಪ ಲೋಟ ಕೆಳಗಿಟ್ಟ. ಇಷ್ಟು ವರ್ಷ ಊರನ್ನೆಲ್ಲ ವಿಚಾರಿಸಿದ ಮನುಷ್ಯನನ್ನು ಯಾರೂ ವಿಚಾರಿಸಿರಲಿಲ್ಲ. ಮುನಿರಾಜ್ ಯಾರಾದರೂ ನೆಂಟರ ನಂಬರ್ ಕೊಡಲೆಂದು ಕಣ್ಸನ್ನೆ ಮಾಡಿದ. ಆದರೆ ಸಿದ್ಧಾಂತ ಸಿದ್ಧಾಂತವೇ. ಮುನಿವೆಂಕಟಪ್ಪ ಸೊಣ್ಣಪ್ಪನ ನಂಬರ್ ಹೇಳಿದ.

ಟೀಚರ್ ಸ್ಪೀಕರ್ ಹಾಕಿದರು. ಮುನಿವೆಂಕಟಪ್ಪನ ಬಗ್ಗೆ ಕೇಳಬೇಕಿತ್ತು ಅಂದಾಗ ಆ ಕಡೆಯಿಂದ, "ಯಾಕಮ್ಮ, ಏನಾರ ಆಯ್ತಾ ಅವನಿಗೆ?" ಎಂದು ಒಂದಿಷ್ಟು ಆಸೆಯಿಂದಲೇ ಪ್ರಶ್ನೆ ಬಂತು. ಏನೂ ಆಗಿಲ್ಲ, ಇಲ್ಲಿ ಮನೆ ಕೊಳ್ಳುತ್ತಿದ್ದಾರೆ, ಬಂದು ಇಲ್ಲೇ ಇರುತ್ತಾರಂತೆ ಎಂದರು.

"ಚಿನ್ನದಂಥ ಮನುಷ್ಯ ಕಣಮ್ಮ" ಎಂದ ಸೊಣ್ಣಪ್ಪ. "ಒಂದಿನ ಜೋರಾಗಿ ಕೆಮ್ಮಿದ್ದಿಲ್ಲ. ಅಂಥೋರು ಸಿಕ್ಕಲ್ಲ, ಬಿಡಬೇಡಿ. ಯಾವಾಗ ಬರ್ತಾನಂತೆ? ಸಾಮಾನು ಸಾಗ್ಸೋಕೆ ನಂದೇ ಟೆಂಪೋ ಐತೆ. ನಾಳೆನೇ ಆದ್ರೂ ಸರಿ."

ಟೀಚರಿಗೆ ತೃಪ್ತಿಯಾಯಿತು. ಮುನಿವೆಂಕಟಪ್ಪನ ಮುಖ ಕಪ್ಪಿಟ್ಟಿತು. ಒಂದು ದಿನ ಸನಿಕೆ ಎರವಲು ಕೊಡದವನು ಟೆಂಪೋ ಕೊಡುತ್ತಾನೆಂದರೆ ಅರ್ಥವೇನು? ಮೆಟ್ಟಿಲು ಹತ್ತುತ್ತ ಮುನಿರಾಜನಿಗೆ ಅರ್ಥವನ್ನೂ ಹೇಳಿದ. ತಾನು ಇಲ್ಲಿ ಬಂದು ಮಲಗಿದರೆ, ಬದು ಅಲ್ಲಿ ಎದ್ದು ನಡೆಯುತ್ತದೆ. ಮನೆ ಬೇಡ.

ಮುನಿರಾಜ್ ಹಿಂದೆ ಹಿಂದೆ ಮೆಟ್ಟಿಲು ಹತ್ತಿದ. ಲಿಫ್ಟಿನ ಗುಂಡಿಯನ್ನೇ ಸರಿಯಾಗಿ ಒತ್ತಲಾರದವನು ಭಾವನಿಗೆ ಬುದ್ಧಿ ಹೇಳುವುದುಂಟೇ?

ಅಮ್ಮಯಮ್ಮ ಖಾಲಿ ಕೋಣೆಯಲ್ಲಿ ಕಿಟಕಿಯ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಳೆಮರದ ಕೊಂಬೆ ಸರಳಿಗೆ ತಾಗುವಷ್ಟು ಹತ್ತಿರವಿತ್ತು. ಮುನಿವೆಂಕಟಪ್ಪ ಮುಂಬಾಗಿಲ ಹೊಸ್ತಿಲಾಚೆಯೇ ನಿಂತು ಸೊಣ್ಣಪ್ಪನ ಮಾತು, ಟೆಂಪೋ, ಬದು ಎಲ್ಲವನ್ನೂ ಒಪ್ಪಿಸಿ, ಏಳು ಹೋಗಾಣ ಅಂದ.

ಅವಳು ತಿರುಗಿ ನೋಡಲಿಲ್ಲ. "ಸರಿಸ್ಕೊಳ್ಲಿ ಬಿಡಿ. ಆ ಗೇಣು ಅವನಿಗಿರ್ಲಿ. ಈ ಕಿಟಕಿ ನಂಗಿರ್ಲಿ."

ಹರಿಪ್ರಸಾದ್ ಬೀಗದ ಕೈಯನ್ನು ಬೆರಳಿಗೆ ಸುತ್ತುವುದನ್ನು ನಿಲ್ಲಿಸಿದ. ಮುನಿವೆಂಕಟಪ್ಪ ಕಿವಿ ಕೆರೆದುಕೊಂಡ. ಬದುವಿನ ಬಗ್ಗೆ ಅವನಿಗೆ ಹೇಳುವುದು ಬಹಳ ಇತ್ತು. ಊರಲ್ಲಿ ಅದನ್ನು ಕೇಳದವರೇ ಇರಲಿಲ್ಲ. ಆದರೆ ಅವನು ಹೆಂಡತಿಯ ಬೆನ್ನನ್ನೂ ಅದರಾಚೆಯ ಮರವನ್ನೂ ಒಂದಷ್ಟು ಹೊತ್ತು ನೋಡಿ, ಹರಿಪ್ರಸಾದನ ಕಡೆ ತಿರುಗಿ, ರಿಜಿಸ್ಟ್ರಿ ಯಾವತ್ತು ಇಟ್ಟುಕೊಳ್ಳೋಣ ಎಂದು ಕೇಳಿದ. ಇಳಿದು ಹೋಗುವಾಗ ಲಿಸಿ ಟೀಚರ ಬಾಗಿಲು ತಟ್ಟಿ, ಮೇಲಿನ ಬಚ್ಚಲನ್ನು ಒಡೆಸಿ ರಿಪೇರಿ ಮಾಡಿಸಿದ ಮೇಲೆಯೇ ತಾವು ಹಾಲು ಉಕ್ಕಿಸುವುದೆಂದು ತಿಳಿಸಿದ.

ಕೆಳಗೆ ಮರದ ನೆರಳಲ್ಲಿ ನಿಲ್ಲಿಸಿದ್ದ ಕಾರಿನ ಹತ್ತಿರ ಬಂದಾಗ ಮುನಿರಾಜನಿಗೆ ಒಂದು ವಿಷಯ ಹೊಳೆಯಿತು. ಭಾವ ಆರು ದಿಕ್ಕನ್ನೂ ಸುತ್ತಿದ್ದ, ಕೊಳ್ಳುವ ಮನೆಯೊಳಗೆ ಕಾಲೇ ಇಟ್ಟಿರಲಿಲ್ಲ.

"ಭಾವ, ಎಲ್ಲರನ್ನೂ ವಿಚಾರಿಸಿದ್ರಿ. ಮನೆ ಒಳಗಡೆ ಹೆಂಗೈತೆ ಅಂತ ನೋಡ್ಲೇ ಇಲ್ವಲ್ಲ?"

ಮುನಿವೆಂಕಟಪ್ಪ ಕಾರಿನ ಬಾಗಿಲು ತೆಗೆದು, ಅಮ್ಮಯಮ್ಮ ಕೂರುವವರೆಗೂ ಹಿಡಿದು ನಿಂತ.

"ಒಳಗಿರೋರು ನಾನು, ನಿಮ್ಮಕ್ಕ. ನಮ್ಮಿಬ್ರುನ್ನ ವಿಚಾರಿಸೋಕೆ ಹೋದ್ರೆ ವ್ಯಾಪಾರ ಮುರಿದೋಯ್ತದೆ."