ಹಾರ್ಡ್ ಮತ್ತು ಹಾರ್ಡ್ಲಿ

ಸಿದ್ದಾರೂಢ ಗದಗದ ಕಡೆಯವನು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಬಿಟಿಎಂ ಲೇಔಟಿನಲ್ಲಿ ಕೋಣೆ ಹಿಡಿದು, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೇಕರಿಯೊಂದರ ಮೇಲಿದ್ದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ವ್ಯಾಕರಣ ಕಲಿಸುತ್ತಿದ್ದ. ಇಂಗ್ಲಿಷನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದರಲ್ಲಿ ಅವನಿಗೆ ಹೆಸರಿತ್ತು. ಆ್ಯಡ್ವರ್ಬ್ ಪಾಠವೆಂದರೆ ಅವನಿಗೇ ಹಿಗ್ಗು. ಕೆಲಸ ಹೇಗೆ ನಡೆಯಿತೆಂದು ಹೇಳುವ ಪದ ಅದು. ನಾವು 'ಜೋರು' ಎಂಬುದಕ್ಕೆ 'ಆಗಿ' ಸೇರಿಸಿ 'ಜೋರಾಗಿ' ಅನ್ನುತ್ತೇವಲ್ಲ, ಅವರು 'ಲಿ' ಸೇರಿಸುತ್ತಾರೆ, ಅಷ್ಟೇ ಎನ್ನುತ್ತಿದ್ದ. ಸ್ಲೋ, ಸ್ಲೋಲಿ. ಕ್ಲಿಯರ್, ಕ್ಲಿಯರ್ಲಿ. ಹಿಂದಿನ ಬೆಂಚಿನವರಿಗೂ ತಕ್ಷಣ ತಲೆಗೆ ಹತ್ತುತ್ತಿತ್ತು.

೨೦೦೨ರ ಬೇಸಿಗೆಯ ಬ್ಯಾಚಿನಲ್ಲಿ ತಲಘಟ್ಟಪುರದ ಚೈತ್ರ ಇದ್ದಳು. ಆಸ್ಪತ್ರೆಯೊಂದರ ರಿಸೆಪ್ಶನ್ ಕೆಲಸದ ಇಂಟರ್‌ವ್ಯೂಗೆ ಹೋಗಿ ಬಂದವಳು ಕ್ಲಾಸ್ ಮುಗಿದ ಮೇಲೂ ಕೂತೇ ಇದ್ದಳು. ಹೇಗೆ ಕೆಲಸ ಮಾಡುತ್ತೀ ಎಂದು ಕೇಳಿದರಂತೆ. ಕಷ್ಟಪಟ್ಟು ಮಾಡುತ್ತೇನೆ ಎನ್ನಲು 'ಐ ವರ್ಕ್ ಹಾರ್ಡ್ಲಿ' ಎಂದಳಂತೆ. ಮೇಜಿನಾಚೆಯ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕು, ಹೋಗಿ ಬಾ ಎಂದರಂತೆ.

"ನಾನೇನ್ ತಪ್ಪು ಹೇಳ್ದೆ ಸಾರ್?"

ಸಿದ್ದಾರೂಢನಿಗೂ ತಪ್ಪು ಕಾಣಲಿಲ್ಲ. ವಿಚಾರಿಸಿ ಹೇಳುತ್ತೇನೆಂದು ಅವಳನ್ನು ಕಳಿಸಿ, ಕ್ಲಾಸಿನ ಯಜಮಾನ ರೇವಂತನ ಬಳಿ ಹೋದ. ಕಾನ್ವೆಂಟಿನಲ್ಲಿ ಓದಿದ್ದ ರೇವಂತ್ ಕಂಪ್ಯೂಟರಿನಿಂದ ತಲೆಯೆತ್ತದೆ, ಅಲ್ಲಿ 'ಹಾರ್ಡ್' ಎಂದರೆ ಸಾಕು, 'ಹಾರ್ಡ್ಲಿ' ಎಂದರೆ ಕೆಲಸವನ್ನೇ ಮಾಡುವುದಿಲ್ಲ ಎಂದಂತಾಗುತ್ತದೆ ಎಂದ. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ, "ಅದು ಹಂಗೇ ಗುರು, ಕೇಳ್ತಾ ಕೇಳ್ತಾ ಬರುತ್ತೆ," ಎಂದುಬಿಟ್ಟ.

ಸಿದ್ದಾರೂಢನ ಮನೆಯಲ್ಲಿ ಯಾರೂ ಇಂಗ್ಲಿಷ್ ಆಡಿದವರಲ್ಲ. ಚೈತ್ರಳ ಮನೆಯಲ್ಲೂ ಇಲ್ಲ. ಮರುದಿನ ಅವಳಿಗೆ ವಿಷಯ ತಿಳಿಸಿದ. ಅವಳು ಸಿಟ್ಟಾಗಲಿಲ್ಲ, ಇಂಥ ಪದ ಇನ್ನು ಯಾವ್ಯಾವುದಿದೆ ಎಂದಷ್ಟೇ ಕೇಳಿದಳು.

"ನನಗೂ ಗೊತ್ತಿಲ್ಲ ನೋಡವಾ," ಎಂದ.

ಆಮೇಲೆ ಅವಳು ಬರಲಿಲ್ಲ. ಬನಶಂಕರಿಯ ಬಟ್ಟೆ ಅಂಗಡಿಗೆ ಸೇರಿದಳೆಂದು ಗೆಳತಿಯರು ಹೇಳಿದರು.

ಡಿಕ್ಷನರಿ ತೆಗೆದು ಹುಡುಕಿದ. 'ಫಾಸ್ಟ್'ಗೆ 'ಲಿ' ಹತ್ತುವುದೇ ಇಲ್ಲ. 'ಲೇಟ್'ಗೆ ಹತ್ತಿಸಿದರೆ 'ತಡವಾಗಿ' ಹೋಗಿ 'ಇತ್ತೀಚೆಗೆ' ಆಗುತ್ತದೆ. ಹಳೆಯ ಬ್ಯಾಚಿನವರ ಮುಖಗಳು ಒಂದೊಂದಾಗಿ ನೆನಪಾದವು. ಯಾವ ಯಾವ ಆಫೀಸಿನಲ್ಲಿ ಕೂತು ತಾನು ಕಲಿಸಿದ್ದನ್ನು ಹೇಳುತ್ತಿದ್ದರೋ. ಅವರನ್ನು ಹುಡುಕಿ ತಿದ್ದುವ ದಾರಿ ಇರಲಿಲ್ಲ.

ಮುಂದಿನ ಬ್ಯಾಚಿಗೆ ಅದೇ ಪಾಠ ಶುರುಮಾಡಿ, 'ಲಿ ಸೇರಿಸಿ, ಆದರೆ' ಎಂದವನಿಗೆ ಮುಂದಿನ ಮಾತು ಹೊರಡಲಿಲ್ಲ. ರೇವಂತ್ ಆ ಪಾಠವನ್ನು ಬೇರೊಬ್ಬ ಟೀಚರಿಗೆ ವಹಿಸಿದ. ಆಕೆ ಇಂಗ್ಲಿಷಿನಲ್ಲೇ ನಿಯಮ ಓದಿ ಹೋಗುತ್ತಿದ್ದರು. ಅರ್ಥವಾಗದವರು ಮೆಟ್ಟಿಲ ಮೇಲೆ ಸಿದ್ದಾರೂಢನನ್ನು ತಡೆದು, ಕನ್ನಡದಲ್ಲಿ ಹೇಳಿಕೊಡಿ ಎಂದು ಕೇಳುತ್ತಿದ್ದರು. ಅವನು ಬಸ್ಸಿಗೆ ಹೊತ್ತಾಯಿತೆಂದು ಇಳಿದುಹೋಗುತ್ತಿದ್ದ.