ಸಾವಿನ ಫೋನ್ ಬಂದರೆ ಖುಷಿಪಡುತ್ತಿದ್ದ ಮಾಸ್ಟರು

ಮಾಸ್ಕುಗಳು ಮೂಗಿನಿಂದ ಗಲ್ಲಕ್ಕೆ ಇಳಿದು, ಗಲ್ಲದಿಂದ ಜೇಬಿಗೆ ಹೋದ ವರ್ಷ ಅದು. ಹಲಸೂರಿನ ಒಂದು ಸಣ್ಣ ಧರ್ಮಾರ್ಥ ಕ್ಲಿನಿಕ್ಕಿನಲ್ಲಿ ನಾನು ವಾರಕ್ಕೆ ಎರಡು ದಿನ ಕೌನ್ಸೆಲರ್ ಆಗಿ ಕೂರುತ್ತಿದ್ದೆ. ಮಹಡಿ ಮೇಲಿನ ಕೋಣೆ, ಎರಡು ಬೆತ್ತದ ಕುರ್ಚಿ, ಒಂದು ಕಿಟಕಿ. ಕಿಟಕಿಯ ಕೆಳಗೆ ಹಿಟ್ಟಿನ ಗಿರಣಿ. ಅಲ್ಲಿ ಮೆಣಸಿನಕಾಯಿ ಬೀಸುವ ದಿನ, ದುಃಖವಿಲ್ಲದೆ ಬಂದವರ ಕಣ್ಣಲ್ಲೂ ನೀರು ಬರುತ್ತಿತ್ತು.

ಅದಕ್ಕೂ ಮೊದಲು ನಾನು ಶಾಲೆಯಲ್ಲಿ ಮೇಷ್ಟರಮ್ಮ. ಇಪ್ಪತ್ತು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಬಾಯಿ ನನ್ನದು. ನಲವತ್ತು ದಾಟಿದ ಮೇಲೆ ಕೌನ್ಸೆಲಿಂಗ್ ಓದಲು ಹೋದೆ. ನಾನು ಕಲಿತ ಪದ್ಧತಿಗೆ ಹ್ಯೂಮನಿಸ್ಟಿಕ್ ಕೌನ್ಸೆಲಿಂಗ್ ಅನ್ನುತ್ತಾರೆ. ಅದರಲ್ಲಿ ಬಂದವರನ್ನು ರೋಗಿ ಅನ್ನುವುದಿಲ್ಲ, ಕ್ಲೈಂಟ್ ಅನ್ನುತ್ತೇವೆ. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಬುದ್ಧಿ ಹೇಳುವಂತಿಲ್ಲ. ಅವರು ಹೇಳಿದ್ದನ್ನು ತಪ್ಪು ಒಪ್ಪು ತೂಗದೆ ಕೇಳಿಸಿಕೊಳ್ಳಬೇಕು, ಅರ್ಥವಾದದ್ದನ್ನು ಅವರಿಗೇ ತಿರುಗಿ ಹೇಳಬೇಕು. ತನ್ನ ದಾರಿ ಯಾವುದೆಂದು ಮನುಷ್ಯನಿಗೆ ಒಳಗೆಲ್ಲೋ ಗೊತ್ತಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಕೆಲಸ ಇದು. ಪಾಠ ಹೇಳಿ ಅಭ್ಯಾಸವಾದವಳಿಗೆ ಬಾಯಿ ಕಟ್ಟಿ ಕೂರುವುದು ಎಷ್ಟು ಕಷ್ಟ ಅಂತೀರಿ. ಆಗೆಲ್ಲ ಮರ್ಫಿ ಟೌನಿನ ನಮ್ಮಜ್ಜಿಯನ್ನು ನೆನೆಸಿಕೊಳ್ಳುತ್ತಿದ್ದೆ. ನನ್ನ ಮಾತಿನ ಅರ್ಧ ಅವಳದೇ. ಸಂಜೆ ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತ, ಬಂದ ಹೆಂಗಸರ ಕಷ್ಟ ಕೇಳುತ್ತಿದ್ದಳು. ಅವಳು ಆಡುತ್ತಿದ್ದ ಮಾತು ಒಂದೇ: "ಆಮೇಲೇನಾಯ್ತವ್ವಾ?"

ಈ ಕಥೆಯಲ್ಲಿ ಎಲ್ಲರ ಹೆಸರನ್ನೂ ಬದಲಾಯಿಸಿದ್ದೇನೆ. ಬರೆಯಲು ಒಪ್ಪಿಗೆ ಕೇಳಿದಾಗ ಮಾಸ್ಟರು ಹಾಕಿದ ಷರತ್ತು ಒಂದೇ. "ಹೆಸರು ಏನಾದ್ರೂ ಇಟ್ಕೊಳ್ಳಿ ಮೇಡಂ, ವಾದ್ಯ ಮಾತ್ರ ಬದಲಾಯಿಸ್ಬೇಡಿ."

ಆ ವಾದ್ಯ ಕ್ಲಾರ್ನೆಟ್. ಊದುವವರು ಮುನಿರಾಜಪ್ಪ, ಶಿವಾಜಿನಗರದ ಒಂದು ಬ್ಯಾಂಡ್‌ಸೆಟ್ಟಿನ ಮಾಸ್ಟರು, ಅರವತ್ತರ ಆಸುಪಾಸು. ಅವರನ್ನು ಕರೆತಂದವಳು ಮಗಳು ಶೋಭಾ. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸಿ ಪಾಸು ಮಾಡುವ ಕೆಲಸ ಅವಳದು. ಅಪ್ಪನನ್ನೂ ಹಾಗೇ ನೋಡುತ್ತಿದ್ದಳು, ಎಲ್ಲಿ ಬಿರುಕು ಬಿಟ್ಟಿದೆ ಎಂದು.

"ಅಮ್ಮ ಹೋದ್ಮೇಲೆ ಅಪ್ಪ ಮದುವೆಗಳಿಗೆ ಊದೋದು ಬಿಟ್ಬಿಟ್ರು ಮೇಡಂ. ಬರೀ ಸಾವಿಗೇ ಹೋಗೋದು," ಎಂದಳು.

ಅವರ ಬ್ಯಾಂಡಿನಲ್ಲಿ ಮದುವೆಗೆ ಜರಿಯ ಕೆಂಪು ಕೋಟು, ಸಾವಿಗೆ ಬಿಳಿ ಕೋಟು. ಕೆಂಪು ಕೆಲಸ, ಬಿಳಿ ಕೆಲಸ ಎಂದೇ ಅವರು ಕರೆಯುವುದು. ಹೆಂಡತಿ ತೀರಿಕೊಂಡ ಮೇಲೆ ಮಾಸ್ಟರು ಕೆಂಪು ಕೋಟನ್ನು ಟ್ರಂಕಿಗೆ ಹಾಕಿ, ಇನ್ನು ತಮಗೆ ಬಿಳಿ ಕೆಲಸ ಮಾತ್ರ ಸಾಕು ಎಂದು ಬ್ಯಾಂಡಿನ ಮಾಲೀಕರಿಗೆ ಹೇಳಿಬಿಟ್ಟಿದ್ದರು. ಕೆಲವು ವರ್ಷ ಹಾಗೇ ನಡೆದಿತ್ತು.

"ಅದಾದ್ರೆ ದುಃಖ ಅನ್ಕೋಬಹುದು," ಶೋಭಾ ದನಿ ತಗ್ಗಿಸಿದಳು. "ಈಗ ನೋಡಿ, ಸಾವಿನ ಮನೆಯಿಂದ ಫೋನ್ ಬಂದ್ರೆ ಸಿಳ್ಳೆ ಹಾಕ್ತಾರೆ. ಮೀಸೆಗೆ ಬಣ್ಣ ಬೇರೆ. ನಂಗೆ ಭಯ ಆಗ್ತಿದೆ."

ಮಾಸ್ಟರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮೀಸೆ ನಿಜವಾಗಿಯೂ ಕಪ್ಪಗೆ ಮಿಂಚುತ್ತಿತ್ತು.

ಮಗಳನ್ನು ಕೆಳಗೆ ಕಳಿಸಿದೆ. ಅವರು ಬಾಗಿಲನ್ನು ನೋಡಿ, ನನ್ನನ್ನು ನೋಡಿ, "ಅವಳು ಹೇಳಿದ್ದು ನಿಜ," ಎಂದರು. "ಯಾರೋ ಸತ್ರು ಅಂತ ಫೋನ್ ಬಂದ್ರೆ ಎದೆಯಲ್ಲಿ ಖುಷಿ ಆಗುತ್ತೆ. ವಾರ ಪೂರ್ತಿ ಯಾರೂ ಸಾಯ್ಲಿಲ್ಲ ಅಂದ್ರೆ ಊಟ ಸೇರಲ್ಲ. ಇದು ಹುಚ್ಚಲ್ವಾ ಮೇಡಂ?"

ಇಂಥ ಮಾತು ಕೇಳಿದಾಗ ಯಾರಿಗಾದರೂ ಡಾಕ್ಟರ ಹತ್ತಿರ ಕಳಿಸೋಣ ಅನ್ನಿಸುತ್ತದೆ. ಆದರೆ ಅವರ ನಿದ್ದೆ, ಮಾತು, ಕೆಲಸ ಎಲ್ಲ ನೆಟ್ಟಗಿತ್ತು. ನಾನು ಅಂದೆ: "ಸಾವಿನ ಸುದ್ದಿಗೆ ಖುಷಿಯಾಗುತ್ತೆ. ಆ ಖುಷಿಗೆ ನಿಮಗೆ ನಾಚಿಕೆಯೂ ಆಗುತ್ತೆ."

"ಅದನ್ನೇ ತಾನೇ ನಾನು ಹೇಳಿದ್ದು?"

"ಹೌದು. ಆಮೇಲೆ?"

ಆಮೇಲೆ ಏನೂ ಇಲ್ಲ. ಆ ದಿನ ಅಷ್ಟೇ. ಮುಂದಿನ ವಾರ ಸಾವಿನ ಮನೆಗಳ ವಿಷಯ ಬಂತು. ಅಲ್ಲಿ ಊದುವುದಕ್ಕಿಂತ ಕಾಯುವುದೇ ಹೆಚ್ಚಂತೆ. ದೂರದ ನೆಂಟರು ಬರಬೇಕು, ಮಗ ಬರಬೇಕು, ಅಲ್ಲಿಯವರೆಗೆ ಬ್ಯಾಂಡಿನವರು ಬೀದಿಯ ಮೂಲೆಯಲ್ಲಿ ಕೂರಬೇಕು. ಅವರ ಜೊತೆ ಕಾಯುವ ಇನ್ನೊಬ್ಬರೆಂದರೆ ಹೆಣಕ್ಕೆ ಹೂವಿನ ಪಲ್ಲಕ್ಕಿ ಕಟ್ಟುವವರು. ಈ ಭಾಗದ ಪಲ್ಲಕ್ಕಿಗಳನ್ನು ಹೆಚ್ಚಾಗಿ ಕಟ್ಟುವವಳು ಮರ್ಫಿ ಟೌನಿನ ಪದ್ಮಾ. ಗಂಡ ಇಲ್ಲ, ಮಕ್ಕಳಿಲ್ಲ, ಶಿವಾಜಿನಗರದಲ್ಲಿ ಹೂವಿನಂಗಡಿ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಬಂದವರ ಭಾಷೆ. ಚೆಂಡುಹೂವಿನ ಬುಟ್ಟಿಯ ಪಕ್ಕದಲ್ಲೇ ಫ್ಲಾಸ್ಕಿನಲ್ಲಿ ಟೀ ತರುತ್ತಾಳಂತೆ.

ಪದ್ಮಾ ಎನ್ನುವಾಗಲೆಲ್ಲ ಮಾಸ್ಟರ ಕೈ ಮೀಸೆಗೆ ಹೋಗುತ್ತಿತ್ತು. ನನಗೆ ತಿಳಿಯಿತು. ಹಿಟ್ಟಿನ ಗಿರಣಿಯವನಿಗೂ ತಿಳಿಯುತ್ತಿತ್ತು. ತಿಳಿಯದೆ ಇದ್ದದ್ದು ಮಾಸ್ಟರಿಗೆ ಒಬ್ಬರಿಗೇ. ಹೇಳಿಬಿಡಲೇ ಎಂದು ನನ್ನೊಳಗಿನ ಮೇಷ್ಟರಮ್ಮ ಎದ್ದು ನಿಂತಳು, ಅವಳನ್ನು ಕೂರಿಸಿದೆ. ನಾನು ಹೇಳಿದರೆ ಅದು ನನ್ನ ಮಾತಾಗುತ್ತದೆ. ನಾಳೆ ಮಗಳೆದುರು ನಿಲ್ಲಬೇಕಾದವರು ಅವರು.

"ಯಾರೂ ಸಾಯದ ವಾರ, ಆ ಟೀ ಇರಲ್ಲ," ಎಂದೆ.

"ಇರಲ್ಲ."

"ಪದ್ಮಾ ಅವರೂ ಇರಲ್ಲ."

ಮಾಸ್ಟರ ಕೈ ಮೀಸೆಯ ಮೇಲೇ ನಿಂತಿತು. ಗಿರಣಿ ನಿಂತು ಮತ್ತೆ ಶುರುವಾಯಿತು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು.

"ಅಯ್ಯೋ ನನ್ನ ಮುಖಕ್ಕಿಷ್ಟು," ಅಂದರು ಕಣ್ಣೊರೆಸಿಕೊಂಡು. "ನಂಗೆ ಬೇಕಾಗಿದ್ದು ಹೆಣ ಅಲ್ಲ."

ಆ ವಾರ ಯಾರ ಸಾವಿಗೂ ಕಾಯದೆ ಅಂಗಡಿಗೇ ಹೋಗಿ, ಅವಳನ್ನು ದೋಸೆಗೆ ಕರೆದರಂತೆ. ಅವಳು ಬಂದಳಂತೆ. ಇಬ್ಬರೂ ದೋಸೆ ಮುಂದೆ ಕೂತು ಏನು ಮಾತಾಡಬೇಕೋ ತಿಳಿಯದೆ ತೆಪ್ಪಗಿದ್ದರಂತೆ. ಕೊನೆಗೆ ಅವಳೇ, "ಏನ್ ಮಾಸ್ಟರ್, ಯಾರೂ ಸತ್ತಿಲ್ಲ ಅಂದ್ರೆ ನಮಗೆ ವಿಷಯಾನೇ ಇಲ್ವಾ?" ಎಂದಳಂತೆ. ಅಲ್ಲಿಂದ ನಗು ನಿಲ್ಲಲಿಲ್ಲವಂತೆ.

ನಗು ಮುಗಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಮಾಸ್ಟರಿಗೆ ಪದ್ಮಾಳನ್ನು ಮದುವೆಯಾಗಬೇಕು ಅನ್ನಿಸಿತ್ತು. ಮಗಳಿಗೆ ಹೇಳುವ ಧೈರ್ಯವಿರಲಿಲ್ಲ. ಶೋಭಾ ತಮ್ಮ ಜೊತೆ ಮಾತು ನಿಲ್ಲಿಸಿಬಿಟ್ಟರೆ ಅವರಿಗೆ ಬೇರೆ ಯಾರೂ ಇರಲಿಲ್ಲ.

"ನೀವೇ ಹೇಳ್ರಿ ಮೇಡಂ. ಸರಿನೋ ತಪ್ಪೋ? ನಾನು ಹೇಳಿದ್ದನ್ನೇ ನಂಗೆ ವಾಪಸ್ ಕೊಡ್ತೀರಲ್ಲ."

"ನಾನು ಹೂಂ ಅಂದ್ರೆ ಹಗುರ ಆಗುತ್ತೆ ಅನ್ನಿಸ್ತಿದೆ ನಿಮಗೆ."

"ಮತ್ತೆ ಅದೇ," ಎಂದು ತಲೆ ಚಚ್ಚಿಕೊಂಡರು. ಆಮೇಲೆ ತಾವೇ ಅಂದರು: "ನಮ್ಮಲ್ಲಿ ಸೆಕೆಂಡ್ ಕ್ಲಾರ್ನೆಟ್ ಅಂತ ಒಬ್ಬ ಇರ್ತಾನೆ. ನಾನು ಊದಿದ್ದನ್ನೇ ಹಿಂದಿಂದ ಊದ್ತಾನೆ. ನಾನು ಎಲ್ಲಿ ಶ್ರುತಿ ತಪ್ಪಿದೆ ಅಂತ ಅವನದು ಕೇಳಿದ್ಮೇಲೇ ಗೊತ್ತಾಗೋದು. ನೀವು ಅದೇ ಕೆಲಸ ಮಾಡ್ತಿದೀರಾ."

ಕಾಲೇಜಿನಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟಿಗಿಂತ ಆ ಮಾತು ಹೆಚ್ಚು ಸಂತೋಷ ಕೊಟ್ಟಿತು.

ಮುಂದಿನ ವಾರ ಮಗಳನ್ನೂ ಕರೆತಂದರು. ಬೆತ್ತದ ಕುರ್ಚಿಯ ತುದಿಯಲ್ಲಿ ಕೂತು, ಒಂದೇ ಉಸಿರಿಗೆ ಎಲ್ಲ ಹೇಳಿದರು. ಶೋಭಾ ಅಪ್ಪನನ್ನು ಮೀಸೆಯಿಂದ ಚಪ್ಪಲಿಯವರೆಗೆ ನೋಡಿದಳು.

"ಅದಕ್ಕಾ ಅಪ್ಪ, ಸಾವಿನ ಮನೆಗೆ ಸೆಂಟು ಹಾಕ್ಕೊಂಡು ಹೋಗ್ತಿದ್ದೆ?"

ನಾನು ನಗು ತಡೆದುಕೊಂಡೆ. ಅವಳು ನಗಲಿಲ್ಲ. "ಅಮ್ಮನ್ನ ಮರೆತ್ಬಿಟ್ಟೆ," ಎಂದು ಎದ್ದು ಹೋದಳು.

ಮಾಸ್ಟರು ಹಿಂದೆ ಓಡಲಿಲ್ಲ. "ಹೇಳ್ದೆ ಮೇಡಂ," ಎಂದರು. "ಹೇಳ್ಬಿಟ್ಟೆ." ಆಮೇಲೆ ಮನೆಯಲ್ಲಿ ಶೋಭಾ ಅನ್ನ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮಗಳು ಒಪ್ಪದೆ ಮುಂದೆ ಹೆಜ್ಜೆ ಇಡುವುದಿಲ್ಲ, ಪದ್ಮಾಳನ್ನು ಬಿಡುವುದೂ ಇಲ್ಲ ಎಂದು ಮಾಸ್ಟರು ತೀರ್ಮಾನಿಸಿದ್ದರು. ಆ ತೀರ್ಮಾನವೂ ಅವರದೇ.

ಒಂದು ದಿನ ಶೋಭಾ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಹಿಂದಿನ ದಿನ ಅಮ್ಮನ ತಿಥಿ. ಬೇಕೆಂದೇ ಪದ್ಮಾಳ ಅಂಗಡಿಗೆ ಹೋಗಿ, ಯಾರೆಂದು ಹೇಳದೆ, ಫೋಟೋಗೆ ಒಂದು ಹಾರ ಕೇಳಿದ್ದಳು. "ಹೆಂಗಸು ಹೆಂಗಿದ್ದಾಳೆ ನೋಡ್ಬೇಕಿತ್ತು, ಅಷ್ಟೇ."

"ಆಮೇಲೆ?"

"ಸೇವಂತಿಗೆ ಕಟ್ತಾ ಕಟ್ತಾ ನನ್ನ ಮುಖ ನೋಡಿದ್ರು. ನನ್ನದು ಅಪ್ಪನ ಮೂಗು. ಏನೂ ಕೇಳ್ಲಿಲ್ಲ. ಒಳಗೆ ಹೋಗಿ ಮರುಗ ತಂದು ಹಾರದ ಉದ್ದಕ್ಕೂ ಸೇರಿಸಿದ್ರು. ನಾನು ಮರುಗ ಕೇಳಿಲ್ವಲ್ಲ ಅಂದೆ. 'ನಿಮ್ಮಮ್ಮನಿಗೆ ಮರುಗ ಇಲ್ದೆ ಹೂವೇ ಅಲ್ಲ ಅಂತ ಮಾಸ್ಟರ್ ಹೇಳ್ತಿರ್ತಾರೆ ಕಣಮ್ಮ' ಅಂದ್ರು."

ಆ ದಿನ ಗಿರಣಿಯಲ್ಲಿ ರಾಗಿ ಬೀಸುತ್ತಿದ್ದರು. ಆದರೂ ಶೋಭಾ ಕಣ್ಣೊರೆಸಿಕೊಂಡಳು.

"ನಂಗೇ ಮರೆತು ಹೋಗಿತ್ತು ಮೇಡಂ, ಮರುಗದ ವಿಷಯ. ಅಪ್ಪ ಅಲ್ಲಿ ಕೂತು ಅಮ್ಮನ ಮಾತೇ ಆಡ್ತಿದ್ರು. ಮನೇಲಿ ನಾನು ಅಳ್ತೀನಿ ಅಂತ ಆಡ್ತಿರ್ಲಿಲ್ಲ."

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಿತು. ನನ್ನನ್ನೂ ಕರೆದಿದ್ದರು. ಕ್ಲೈಂಟುಗಳ ಮನೆಯ ಸಮಾರಂಭಕ್ಕೆ ಹೋಗುವ ರೂಢಿ ನಮ್ಮಲ್ಲಿಲ್ಲ. ಆದರೆ ನಮ್ಮ ಸೆಷನ್‌ಗಳು ಮುಗಿದಿದ್ದವು, ಶೋಭಾ ಬಿಡಲೂ ಇಲ್ಲ. ಗೇಟಿನಾಚೆ ಬ್ಯಾಂಡಿನವರೆಲ್ಲ ಕೆಂಪು ಕೋಟಿನಲ್ಲಿ ಸಾಲಾಗಿ ನಿಂತಿದ್ದರು. ಮಾಸ್ಟರು ಕೂಡ ಟ್ರಂಕಿನಿಂದ ತೆಗೆದ ಕೆಂಪು ಕೋಟಿನಲ್ಲೇ ಬಂದರು. ಹೊಟ್ಟೆಯ ಹತ್ತಿರ ಗುಂಡಿ ಕೂರುತ್ತಿರಲಿಲ್ಲ, ಶೋಭಾ ಪಿನ್ನು ಹಾಕಿದ್ದಳು. ಪದ್ಮಾಳ ಮುಡಿಯಲ್ಲಿ ಮಲ್ಲಿಗೆ, ನಡುವೆ ಹಸಿರಾಗಿ ಮರುಗ.

ಅವರ ಬ್ಯಾಂಡಿನಲ್ಲಿ ಒಂದು ಪದ್ಧತಿ. ತನ್ನದೇ ಮದುವೆಯ ದಿನ ವಾದ್ಯದವನು ವಾದ್ಯ ಮುಟ್ಟಬಾರದು, ಗೆಳೆಯರು ಊದಬೇಕು, ಅವನು ದೊರೆಯ ಹಾಗೆ ನಿಂತು ಕೇಳಬೇಕು. ಮಾಸ್ಟರು ಒಂದು ಹಾಡಿನ ಮಟ್ಟಿಗೆ ದೊರೆಯಾಗಿದ್ದರು. ಎರಡನೆಯದಕ್ಕೆ ಬೆರಳುಗಳು ಕೋಟಿನ ಮೇಲೆ ತಾವೇ ಆಡತೊಡಗಿದವು.

"ಮಾಸ್ಟರ್, ಕೈ ಕಟ್ಕೊಂಡು ನಿಂತ್ಕೊಳ್ಳಿ," ಪದ್ಮಾ ಗದರಿದಳು. ಬ್ಯಾಂಡಿನವರು ನಕ್ಕರು. ಸೆಕೆಂಡ್ ಕ್ಲಾರ್ನೆಟ್ಟಿನವನು ಮಾತ್ರ ಗುಟ್ಟಾಗಿ ತನ್ನ ವಾದ್ಯವನ್ನು ಅವರತ್ತ ಚಾಚಿದ.

ಮಾಸ್ಟರು ಅದನ್ನು ಹಿಡಿದು ನನ್ನ ಕಡೆ ತಿರುಗಿದರು. "ಏನ್ ಮೇಡಂ, ಊದ್ಲಾ?"

"ಊದ್ಬೇಕು ಅನ್ನಿಸ್ತಿದೆ ನಿಮಗೆ," ಎಂದೆ.

"ಇವತ್ತೊಂದು ದಿನ ಹೂಂ ಅನ್ರೀ."

ಇಷ್ಟು ವರ್ಷಗಳಲ್ಲಿ ಈ ಕೆಲಸ ನನಗೆ ಕಲಿಸಿದ್ದು ಆ ಗೇಟಿನ ಮುಂದೆ ಕಣ್ಣಿಗೇ ಕಂಡಿತು. ಒಪ್ಪಿಗೆ ಕೇಳುವ ಹೊತ್ತಿಗೆ ಮನುಷ್ಯ ಒಳಗೆ ತೀರ್ಮಾನ ಮಾಡಿ ಆಗಿರುತ್ತದೆ. ತನ್ನ ದನಿ ತನಗೇ ಕೇಳಿಸುವವರೆಗೆ ಪಕ್ಕದಲ್ಲಿ ಒಬ್ಬರು ಕೂತಿರಬೇಕು, ಅಷ್ಟೇ. ಆದರೂ ಅಂಥ ದಿನ ಪದ್ಧತಿ ಹಿಡಿದುಕೊಂಡು ನಿಲ್ಲಲು ನನ್ನಿಂದಲೂ ಆಗಲಿಲ್ಲ. ಬಾಯಿ ತೆರೆದು "ಹೂಂ" ಅಂದೆ.

ಅದು ಯಾರಿಗೂ ಕೇಳಿಸಲಿಲ್ಲ. ಕ್ಲಾರ್ನೆಟ್ ಆಗಲೇ ಶುರುವಾಗಿತ್ತು.